ನೆನಪು ಹೋದರೆ ಹಕ್ಕೂ ಹೋಗುತ್ತದೆ

(ಸಂಘದ ಹಿರಿಯ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಕುಂದಾಪುರದ ಕಡೆ ಏಳನೆಯ ತರಗತಿ ಮುಗಿಸಿ, ಎಂಟನೆಯದನ್ನು ಈ ಮುಂಬಯಿಯಲ್ಲಿ ಹೋಟೆಲಿನ ತಟ್ಟೆ-ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದವನು. ನನ್ನಂಥವನು ವೈದ್ಯದ ವಿಷಯ ಮಾತನಾಡುವುದೆಂದರೆ ಅಧಿಕಪ್ರಸಂಗವೆಂದು ನಿಮಗೆ ಅನಿಸಬಹುದು. ಆದರೆ ನಾನು ಇಂದು ಹೇಳಹೊರಟಿರುವುದು ವೈದ್ಯದ ವಿಷಯ ಮಾತ್ರವಲ್ಲ. ಪಗಾರ, ಬೋನಸ್ಸು, ವಾರದ ರಜೆಗಳಂತೆಯೇ ನಮ್ಮ ಹಕ್ಕಿನ ವಿಷಯ. ಅದೇನೆಂದರೆ, ನಮ್ಮ ಹಿರಿಯರ ನೆನಪು ಕೆಡಲು ಆರಂಭಿಸಿದಾಗ ನಾವು ಏನು ಮಾಡುತ್ತೇವೆ, ಏನು ಮಾಡಬೇಕು ಎಂಬುದು.

ನಮ್ಮಲ್ಲಿ ಒಂದು ಗಾದೆಯಿದೆ: ಅರವತ್ತಕ್ಕೆ ಅರಳು ಮರಳು. ಇದನ್ನು ನಾವೆಲ್ಲರೂ ನಕ್ಕು ಹೇಳಿದವರೇ. ನಾನೂ ಹೇಳಿದ್ದೇನೆ. ಗಾದೆಗಳಲ್ಲಿ ಬಹಳ ಬುದ್ಧಿಯಿರುತ್ತದೆ, ಒಪ್ಪುತ್ತೇನೆ. ಆದರೆ ಈ ಒಂದು ಗಾದೆ ನಮ್ಮ ಎಷ್ಟೋ ಜನರನ್ನು ಆಸ್ಪತ್ರೆಯ ಬಾಗಿಲಿಗೆ ಹೋಗದಂತೆ ತಡೆದಿದೆ. ಹೇಗೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ.

ನಾನು ಮೊದಲು ಕೆಲಸಕ್ಕೆ ಸೇರಿದ ಹೋಟೆಲಿನಲ್ಲಿ ಒಬ್ಬ ಹಿರಿಯ ಅಡಿಗೆ ಭಟ್ಟರಿದ್ದರು. ಹೋಟೆಲಿನ ಹೆಸರು ಬೇಡ, ಅವರ ಹೆಸರೂ ಬೇಡ. ನಾನು ಬಂದಾಗ ನನಗೆ ಹದಿನೈದು ವರ್ಷ. ಊರಿನ ನೆನಪಾಗಿ ಅಟ್ಟದ ಮೇಲೆ ಕುಳಿತು ಅಳುತ್ತಿದ್ದ ನನ್ನನ್ನು ಕರೆದು, "ಉಂಡ್ಯಾ ಮಾಣಿ?" ಎಂದು ಕೇಳಿ, ಮೊಸರನ್ನ ಬಡಿಸಿದವರು ಅವರು. ನಾನೂರು ಜನರ ಸಾಂಬಾರಿಗೆ ಕೈಯಳತೆಯಲ್ಲೇ ಉಪ್ಪು ಹಾಕುತ್ತಿದ್ದರು. ಒಂದು ದಿನವೂ ಹೆಚ್ಚುಕಡಿಮೆ ಆದದ್ದಿಲ್ಲ.

ಅರವತ್ತು ದಾಟಿದ ಮೇಲೆ ಆ ಕೈ ತಪ್ಪತೊಡಗಿತು. ಒಂದು ದಿನ ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು. ನಾವು ಹುಡುಗರು, "ಭಟ್ರಿಗೆ ಮದುವೆ ಯೋಚನೆ" ಎಂದು ನಕ್ಕೆವು. ಆಮೇಲೆ ರುಬ್ಬಲು ನೆನೆಹಾಕಿದ ಅಕ್ಕಿಯನ್ನು ಮರೆತರು. ಪಗಾರದ ಹಣವನ್ನು ತಾವೇ ಅಕ್ಕಿ ಡಬ್ಬಿಯಲ್ಲಿ ಇಟ್ಟು, ಕ್ಲೀನರ್ ಹುಡುಗ ಕದ್ದನೆಂದು ಅವನ ಕೆನ್ನೆಗೆ ಹೊಡೆದರು. ಎಂದೂ ಯಾರ ಮೇಲೂ ಕೈ ಎತ್ತದ ಮನುಷ್ಯ! ಇನ್ನೊಂದು ರಾತ್ರಿ, ಮೂವತ್ತು ವರ್ಷ ನಡೆದಾಡಿದ ಗಲ್ಲಿಯ ಮೂಲೆಯಲ್ಲಿ ನಿಂತು, ಹೋಟೆಲು ಯಾವ ಕಡೆ ಎಂದು ಪಾನಿನ ಅಂಗಡಿಯವನನ್ನು ಕೇಳುತ್ತಿದ್ದರು. ಆಗಲೂ ನಾವು ಅಂದದ್ದು ಅದೇ ಮಾತು: ಅರಳು ಮರಳು.

ಕೊನೆಗೆ ಒಲೆಯ ಗ್ಯಾಸು ತೆರೆದಿಟ್ಟು ಹೋದರು. ಧನಿಗಳು ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಿದರು. ಬಸ್ಸಿಗೆ ಹತ್ತಿಸಿ ಬಂದವನು ನಾನೇ. ಅವರು ಊರಿಗೆ ಹೋದ ಎರಡು ವರ್ಷದ ನಂತರ ಮನೆಯವರು ದೊಡ್ಡ ಆಸ್ಪತ್ರೆಗೆ ತೋರಿಸಿದರು. ಡಾಕ್ಟರು ಹೇಳಿದ್ದೇನು? ಬಹಳ ವರ್ಷಗಳಿಂದ ರಕ್ತದೊತ್ತಡ ಏರಿದೆ, ಅದಕ್ಕೆ ಒಂದು ಗುಳಿಗೆಯೂ ತೆಗೆದುಕೊಂಡಿಲ್ಲ. ಮೆದುಳಿನ ಸಣ್ಣ ರಕ್ತನಾಳಗಳು ಒಂದೊಂದಾಗಿ ಮುಚ್ಚಿಹೋಗಿವೆ. ಹೋದದ್ದನ್ನು ಮರಳಿ ತರಲಾಗದು, ಮೊದಲೇ ಬಂದಿದ್ದರೆ ಮುಂದಿನದನ್ನು ತಡೆಯಲು ಪ್ರಯತ್ನಿಸಬಹುದಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಇಷ್ಟಕ್ಕೇ ಮುಗಿಯಲಿಲ್ಲ. ಭಟ್ಟರು ಮುಂಬಯಿಯಲ್ಲಿ ನಾಲ್ಕೈದು ಹೋಟೆಲುಗಳಲ್ಲಿ ದುಡಿದವರು. ಪ್ರಾವಿಡೆಂಟ್ ಫಂಡು ಎಲ್ಲಿ ಕಡಿಯುತ್ತಿದ್ದರು, ಎಲ್ಲಿ ಇಲ್ಲ, ನಂಬರು ಏನು, ಚೀಟಿ ಎಲ್ಲಿದೆ? ಮನೆಯವರು ಕೇಳಿದರೆ ಅವರು ಸುಮ್ಮನೆ ನಗುತ್ತಿದ್ದರು. ಸಂಘದ ಕೆಲಸಕ್ಕೆ ಸೇರಿದ ಮೇಲೆ ನಾನೇ ಆ ಕಾಗದಗಳ ಬೆನ್ನು ಹತ್ತಿದೆ. ಒಂದು ಹೋಟೆಲಿನ ಲೆಕ್ಕ ಮಾತ್ರ ಸಿಕ್ಕಿತು. ಉಳಿದ ವರ್ಷಗಳ ದುಡಿಮೆ ಅವರ ನೆನಪಿನ ಜೊತೆಗೇ ಹೋಯಿತು.

ಬಂಧುಗಳೇ, ನಾನು ಕಲಿತ ಪಾಠ ಇದು. ಸಾಹೇಬರ ನೌಕರಿಯ ದಾಖಲೆ ಕಚೇರಿಯ ಕಪಾಟಿನಲ್ಲಿರುತ್ತದೆ. ನಮ್ಮದು ನಮ್ಮ ತಲೆಯಲ್ಲಿರುತ್ತದೆ. ಯಾವ ವರ್ಷ ಸೇರಿದೆವು, ಯಾರು ಧನಿಯಾಗಿದ್ದರು, ಎಷ್ಟು ಬಾಕಿ ಬರಬೇಕು, ಎಲ್ಲ ಬಾಯಿಲೆಕ್ಕ. ಹೀಗಿರುವಲ್ಲಿ ನೆನಪು ಹೋದರೆ ನಮ್ಮ ಹಕ್ಕೂ ಹೋಗುತ್ತದೆ. ಅಷ್ಟೇ ಅಲ್ಲ, ನೆನಪೇ ನಮ್ಮ ಕೆಲಸದ ಹತಾರ. ಎಂಟು ಮೇಜಿನ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿ ಹೊತ್ತು ಅಡಿಗೆಮನೆಗೆ ಕೂಗಿ ಹೇಳುವ ಮಾಣಿಗೆ ಬೇರೆ ಬಂಡವಾಳ ಯಾವುದಿದೆ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಯಸ್ಸಾದಂತೆ ಸ್ವಲ್ಪ ಮರೆವು ಎಲ್ಲರಿಗೂ ಬರುತ್ತದೆ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು, ಒಂದು ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದು, ಇವು ರೋಗವಲ್ಲ. ಆದರೆ ನಿತ್ಯದ ಕೆಲಸ ಕೆಡುವಷ್ಟು ಮರೆವು ವಯಸ್ಸಿನ ಸಹಜ ಗುಣವಲ್ಲ. ಅದು ಮೆದುಳಿನ ಕಾಯಿಲೆಯ ಗುರುತು. ಇದಕ್ಕೆ ಡಿಮೆನ್ಶಿಯಾ ಎನ್ನುತ್ತಾರೆ. ಇದರಲ್ಲಿ ಹೆಚ್ಚು ಕಾಣುವುದು ಆಲ್‌ಝೈಮರ್ ಎಂಬ ಬಗೆ. 1906ರಲ್ಲಿ ಜರ್ಮನಿಯ ಅದೇ ಹೆಸರಿನ ಡಾಕ್ಟರು ಅದನ್ನು ಮೊದಲು ವಿವರಿಸಿದರು. ನಮ್ಮ ಭಟ್ಟರದ್ದು ರಕ್ತನಾಳದಿಂದ ಬರುವ ಬಗೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ, ಅಂದರೆ 88 ಲಕ್ಷ ಜನಕ್ಕೆ ಈ ತೊಂದರೆಯಿದೆ. ನೂರರಲ್ಲಿ ಏಳು ಎಂದರೆ ಉಳಿದ ತೊಂಬತ್ತಮೂರು ಮಂದಿಗೆ ಇಲ್ಲ ಎಂದಾಯಿತು. ಹಾಗಾದರೆ ಅರವತ್ತಕ್ಕೆ ಎಲ್ಲರಿಗೂ ಅರಳು ಮರಳು ಎಂಬ ಗಾದೆ ಎಲ್ಲಿ ಉಳಿಯಿತು?

ಯಾವಾಗ ತೋರಿಸಬೇಕು? ನಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ಗಲ್ಲಾದಲ್ಲಿ ಕುಳಿತವರು ಚಿಲ್ಲರೆ ಕೊಡುವುದರಲ್ಲಿ ಮತ್ತೆ ಮತ್ತೆ ತಪ್ಪುತ್ತಾರೆ. ಅಡಿಗೆಯವರು ದಿನಾ ಮಾಡುವ ಪದಾರ್ಥದ ಕ್ರಮವನ್ನೇ ಮರೆಯುತ್ತಾರೆ. ಕೇಳಿದ ಪ್ರಶ್ನೆಯನ್ನೇ ಹತ್ತು ನಿಮಿಷದೊಳಗೆ ಮೂರು ಸಲ ಕೇಳುತ್ತಾರೆ. ಗೊತ್ತಿದ್ದ ದಾರಿ ತಪ್ಪುತ್ತದೆ. ವಸ್ತು ಸಿಗದಿದ್ದರೆ ಯಾರೋ ಕದ್ದರೆಂಬ ಸಂಶಯ. ಮಾತಿನ ನಡುವೆ ಸಾಮಾನ್ಯ ಶಬ್ದ ಸಿಗುವುದಿಲ್ಲ. ಶಾಂತನಾಗಿದ್ದವನು ಸಿಡುಕುತ್ತಾನೆ, ಮಾತುಗಾರನು ಮೂಲೆ ಹಿಡಿಯುತ್ತಾನೆ. ಇವುಗಳಲ್ಲಿ ಒಂದೆರಡು ಹೊಸದಾಗಿ ಕಂಡು ಕೆಲವು ತಿಂಗಳು ಹಾಗೆಯೇ ನಡೆದರೆ ಡಾಕ್ಟರಿಗೆ ತೋರಿಸಲೇಬೇಕು.

ಇನ್ನೊಂದು ಎಚ್ಚರಿಕೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ದಿಢೀರನೆ ಗಲಿಬಿಲಿಯಾಗಿ ಮಾತನಾಡಿದರೆ ತಿಂಗಳು ಕಾಯಬೇಡಿರಿ. ಸೋಂಕು, ಜ್ವರ, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಪಾರ್ಶ್ವವಾಯು, ಏನೂ ಇರಬಹುದು. ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಒಯ್ಯಿರಿ. ಚಾಳಿನ ಮೆಟ್ಟಿಲಲ್ಲಿ ಬಿದ್ದು ತಲೆಗೆ ಪೆಟ್ಟಾದ ಮುದುಕರಿಗೆ, ಆಗ ಏನೂ ಕಾಣದಿದ್ದರೂ ಕೆಲವು ವಾರದ ಮೇಲೆ ಒಳಗೆ ರಕ್ತ ನಿಂತು ಬುದ್ಧಿ ಮಂಕಾಗುವುದುಂಟು. ಅಂಥವರು ಬಿದ್ದ ಸಂಗತಿಯನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು.

ಇದನ್ನೆಲ್ಲ ಮೊದಲು ಕಾಣುವವರು ಯಾರು? ಬೇರೆಯವರ ಮನೆಯಲ್ಲಿ ಹೆಂಡತಿ, ಮಕ್ಕಳು. ನಮ್ಮಲ್ಲಿ ಎಷ್ಟೋ ಜನರ ಸಂಸಾರ ಊರಿನಲ್ಲಿದೆ. ವರ್ಷಕ್ಕೆ ಹದಿನೈದು ದಿನ ಹೋಗಿ ಬರುವವನ ಮರೆವು ಹೆಂಡತಿಗೆ ತಿಳಿಯುವುದು ಹೇಗೆ? ಅದನ್ನು ನೋಡುವವನು ಪಕ್ಕದ ಹಾಸಿಗೆಯಲ್ಲಿ ಮಲಗುವ ನಾನು, ನೀವು. ಒಂದೇ ಖೋಲಿಯಲ್ಲಿ ಇರುವ ಜೊತೆಗಾರನೇ ಇಲ್ಲಿ ಅವನ ಮನೆಯವನು. ಹಾಗೆಯೇ ಊರಿನಲ್ಲಿ ಒಂಟಿಯಾಗಿರುವ ನಿಮ್ಮ ತಾಯಿ ಫೋನಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ರೇಗಬೇಡಿರಿ. ಆ ಮಾತನ್ನು ಗಮನಿಸಿರಿ, ಊರಿನಲ್ಲಿರುವ ಅಕ್ಕ, ತಮ್ಮನಿಗೆ ತಿಳಿಸಿರಿ.

ಪರೀಕ್ಷೆಯೆಂದರೆ ಹೆದರುವಂಥದ್ದೇನೂ ಇಲ್ಲ. ಡಾಕ್ಟರು ಮೊದಲು ಮಾತನಾಡಿಸುತ್ತಾರೆ. ಇಂದು ಯಾವ ವಾರ, ಯಾವ ತಿಂಗಳು, ಈಗ ಎಲ್ಲಿದ್ದೀರಿ ಎಂದು ಕೇಳುತ್ತಾರೆ. ಮೂರು ವಸ್ತುಗಳ ಹೆಸರು ಹೇಳಿ ಸ್ವಲ್ಪ ಹೊತ್ತಿನ ಮೇಲೆ ಮರಳಿ ಕೇಳುತ್ತಾರೆ. ಗಡಿಯಾರದ ಚಿತ್ರ ಬರೆಯಲು, ಸಣ್ಣ ಕಳೆಯುವ ಲೆಕ್ಕ ಮಾಡಲು ಹೇಳಬಹುದು. ಹತ್ತಿರದವರನ್ನು ವಿಚಾರಿಸುತ್ತಾರೆ. ಬಿ.ಪಿ., ಸಕ್ಕರೆ, ಥೈರಾಯ್ಡ್, ಬಿ-12 ಜೀವಸತ್ವಗಳನ್ನು ನೋಡುತ್ತಾರೆ. ಅಗತ್ಯ ಕಂಡರೆ ತಲೆಯ ಸ್ಕ್ಯಾನು. ಈ ಪ್ರಶ್ನೆಗಳಲ್ಲಿ ಅಂಕ ಕಡಿಮೆ ಬಂದ ಮಾತ್ರಕ್ಕೆ ರೋಗ ಇದೆಯೆಂದಲ್ಲ. ಮುಂದೆ ವಿವರವಾಗಿ ನೋಡಬೇಕೆಂದು ಅಷ್ಟೇ ಅರ್ಥ.

ಇಲ್ಲಿ ನಮ್ಮ ಜನ ಒಂದು ಮಾತನ್ನು ನೆನಪಿಡಬೇಕು. ಪರೀಕ್ಷೆ ತಾಯ್ನುಡಿಯಲ್ಲಿ ಆಗಬೇಕು. ಶಾಲೆಯ ಮೆಟ್ಟಿಲು ಹತ್ತದವನ ಕೈಗೆ ಪೆನ್ಸಿಲು ಕೊಟ್ಟು ಗಡಿಯಾರ ಬರೆ ಎಂದರೆ, ಹಿಂದಿ ಅರೆಬರೆ ಬರುವ ಅಜ್ಜಿಯನ್ನು ಹಿಂದಿಯಲ್ಲೇ ಕೇಳಿದರೆ, ತಪ್ಪುವುದು ನೆನಪಲ್ಲ, ಓದು ಮತ್ತು ಭಾಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಆದುದರಿಂದ, "ಇವರಿಗೆ ಕನ್ನಡ ಮಾತ್ರ ಚೆನ್ನಾಗಿ ಬರುತ್ತದೆ, ಇಷ್ಟನೆಯ ತರಗತಿಯವರೆಗೆ ಓದಿದ್ದಾರೆ" ಎಂದು ಮೊದಲೇ ಹೇಳಿರಿ. ಜೊತೆಗೆ ಎರಡೂ ಭಾಷೆ ಬಲ್ಲ ಒಬ್ಬರು ಹೋಗಿರಿ. ಆದರೆ ಜೊತೆಗೆ ಹೋದವರು ಉತ್ತರ ಹೇಳಿಕೊಡಬಾರದು! ಪ್ರೀತಿಯಿಂದ ಹಾಗೆ ಹೇಳಿಕೊಟ್ಟು ಪರೀಕ್ಷೆ ಕೆಡಿಸಿದವರನ್ನು ನಾನು ಕಂಡಿದ್ದೇನೆ.

"ಈ ರೋಗಕ್ಕೆ ಮದ್ದಿಲ್ಲವಂತೆ, ತಿಳಿದು ಏನು ಮಾಡುವುದು?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾಲ್ಕು ಉತ್ತರ ಕೊಡುತ್ತೇನೆ.

ಮೊದಲನೆಯದು, ಮರೆವೆಲ್ಲ ಡಿಮೆನ್ಶಿಯಾ ಅಲ್ಲ. ಬಿ-12 ಕಡಿಮೆಯಾಗುವುದು, ಥೈರಾಯ್ಡ್ ಕುಂದುವುದು, ಮನಸ್ಸಿನ ಖಿನ್ನತೆ, ಕುಡಿತ, ಕೆಲವು ನಿದ್ದೆ ಗುಳಿಗೆಗಳು, ಇವುಗಳಿಂದಲೂ ಮರೆವು ಬರುತ್ತದೆ. ಕಾಲಕ್ಕೆ ಹಿಡಿದರೆ ಸುಧಾರಿಸುತ್ತದೆ. ಲಾಲ್‌ಬಾಗಿನ ಚಾಳಿನಲ್ಲಿರುವ ನಮ್ಮ ಒಬ್ಬ ಹಿರಿಯ ಸದಸ್ಯರ ಮಾತು ಕೇಳಿ. ಬೆಳಗಾವಿ ಕಡೆಯವರು, ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದವರು, 1982ರ ದೊಡ್ಡ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು. ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದರು; ಬುದ್ಧಿ ಹೋಯಿತೆಂದು ಮನೆಯವರು ಕೈಬಿಟ್ಟಿದ್ದರು. ನಾನು ಭಟ್ಟರನ್ನು ನೆನೆದು ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ನೋಡಿದರೆ ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಕಿವಿ ಅರ್ಧ ಹೋಗಿತ್ತು, ಬಿ-12 ಬಹಳ ಇಳಿದಿತ್ತು. ಸೂಜಿಮದ್ದು ಕೊಟ್ಟರು, ಕಿವಿಗೆ ಯಂತ್ರ ಹಾಕಿದರು. ಪೂರ್ತಿ ಮೊದಲಿನಂತೆ ಆದರೆಂದು ನಾನು ಹೇಳುವುದಿಲ್ಲ. ಆದರೆ ಈಗ ಸಂಜೆ ಸಂಘದ ವಾಚನಾಲಯಕ್ಕೆ ಬಂದು ಪತ್ರಿಕೆ ಓದಿ ನಮ್ಮ ಜೊತೆ ವಾದ ಮಾಡುತ್ತಾರೆ. ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಎರಡನೆಯದು, ನಿಜವಾದ ಡಿಮೆನ್ಶಿಯಾ ಇದ್ದರೂ ಮಾಡುವುದು ಬಹಳವಿದೆ. ಬಿ.ಪಿ., ಸಕ್ಕರೆ ಹತೋಟಿಯಲ್ಲಿಟ್ಟರೆ ಮೆದುಳಿಗೆ ಬೀಳುವ ಮುಂದಿನ ಪೆಟ್ಟುಗಳು ಕಡಿಮೆಯಾಗಬಹುದು. ಕೆಲವರಿಗೆ ಲಕ್ಷಣ ಸ್ವಲ್ಪ ತಗ್ಗಿಸುವ ಗುಳಿಗೆಗಳಿವೆ. 2023ರಿಂದ ಅಮೇರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಮದ್ದುಗಳು ಆಲ್‌ಝೈಮರನ್ನು ಗುಣಪಡಿಸುವುದಿಲ್ಲ, ಸ್ವಲ್ಪ ನಿಧಾನಗೊಳಿಸುತ್ತವೆ. ಬೆಲೆ ವಿಪರೀತ, ಮೆದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವೂ ಇದೆ. ಅವೂ ಆರಂಭದ ಹಂತದಲ್ಲಿರುವವರಿಗೆ ಮಾತ್ರ. ತಡವಾಗಿ ಬಂದವನಿಗೆ ಆ ಬಾಗಿಲೂ ಇಲ್ಲ.

ಮೂರನೆಯದು, ಕಾಗದ ಪತ್ರ. ಬುದ್ಧಿ ಸ್ವಸ್ಥವಾಗಿರುವಾಗ ಬರೆದ ಮೃತ್ಯುಪತ್ರವೇ ಕಾಯಿದೆಯಲ್ಲಿ ನಿಲ್ಲುವುದು. ಪಿ.ಎಫ್. ನಾಮಿನಿ, ಪಿಂಚಣಿ, ಬ್ಯಾಂಕಿನ ಖಾತೆ, ಊರಿನ ಜಾಗ, ಗಿರಣಿ ಕಾರ್ಮಿಕರ ಮನೆಗೆ ಹಾಕಿದ ಅರ್ಜಿ, ಇವನ್ನೆಲ್ಲ ತಾನೇ ತಿಳಿದು ಸಹಿ ಮಾಡುವ ಕಾಲ ಆರಂಭದ ಕಾಲವೇ. ಆಮೇಲೆ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ ಅಳುವುದಷ್ಟೇ ಉಳಿಯುತ್ತದೆ.

ನಾಲ್ಕನೆಯದು, ಕಾಯಿಲೆಯೆಂದು ತಿಳಿದರೆ ಬೈಗುಳ ನಿಲ್ಲುತ್ತದೆ. ಹಣ ಕದ್ದನೆಂದು ಭಟ್ಟರಿಂದ ಪೆಟ್ಟು ತಿಂದ ಆ ಹುಡುಗ ಮರುದಿನವೇ ಕೆಲಸ ಬಿಟ್ಟು ಹೋದ. ಭಟ್ಟರನ್ನು ನಾವು ಕೆಟ್ಟವರೆಂದು ತಿಳಿದೆವು. ಒಂದು ಪರೀಕ್ಷೆ ಆಗಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ಹಾಗೆಂದು ಗಟ್ಟಿಮುಟ್ಟಾಗಿರುವ ಎಲ್ಲರೂ ನಾಳೆಯೇ ಸಾಲು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಯಾವ ಲಕ್ಷಣವೂ ಇಲ್ಲದವರನ್ನೆಲ್ಲ ಪರೀಕ್ಷಿಸುವುದರಿಂದ ಲಾಭವೋ ನಷ್ಟವೋ ಎಂದು ತೀರ್ಮಾನಿಸಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೇರಿಕದ ತಜ್ಞರ ಮಂಡಳಿಯೊಂದು 2020ರಲ್ಲಿ ಹೇಳಿದೆ. ಆದುದರಿಂದ ಹೆದರಿಸಿ ದುಬಾರಿ ಸ್ಕ್ಯಾನು ಮಾಡಿಸುವವರ ಬಲೆಗೆ ಬೀಳಬೇಡಿರಿ. ಗುರುತು ಕಂಡಾಗ ತಡಮಾಡಬೇಡಿರಿ ಎಂಬುದೇ ನನ್ನ ವಿಜ್ಞಾಪನೆ. ಗುರುತು ಕಾಣದವರು ತಡೆಯುವ ದಾರಿ ಹಿಡಿಯಿರಿ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 14 ಕಾರಣಗಳನ್ನು ಪಟ್ಟಿ ಮಾಡಿ, ಅವನ್ನು ನಿವಾರಿಸಿದರೆ ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜಿಸಿತು. ಓದು ಕಡಿಮೆ, ಕಿವಿ ಮಂದ, ದೃಷ್ಟಿ ಮಂದ, ಬಿ.ಪಿ., ಸಕ್ಕರೆ, ಬೀಡಿ-ಸಿಗರೇಟು, ಅತಿ ಕುಡಿತ, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ಕೆಟ್ಟ ಗಾಳಿ ಇವೆಲ್ಲ ಅದರಲ್ಲಿವೆ. ಕೇಳಿದಾಗ ನಮ್ಮ ಬಾಳಿನ ಪಟ್ಟಿಯನ್ನೇ ಓದಿದಂತೆ ಆಗುವುದಿಲ್ಲವೇ? ರಾತ್ರಿ ಶಾಲೆ, ವಾಚನಾಲಯ, ಭಜನೆ, ಯಕ್ಷಗಾನ ಎಂದು ಜನರನ್ನು ಸಂಘಕ್ಕೆ ಕರೆಯುವುದು ಬರೀ ಮನರಂಜನೆಗಲ್ಲ ಎಂದು ಈಗ ನನಗೆ ಅರ್ಥವಾಗಿದೆ.

ಎಲ್ಲಿ ತೋರಿಸಬೇಕು? ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಾಯನ್ ಆಸ್ಪತ್ರೆ, ಇವು ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಕೇಸ್ ಪೇಪರ್ ಮಾಡಿಸಿ ಮೊದಲು ಸಾಮಾನ್ಯ ವೈದ್ಯ ವಿಭಾಗಕ್ಕೆ ಹೋಗಿರಿ. ಅವರೇ ಮುಂದೆ ನರರೋಗ ಅಥವಾ ಮಾನಸಿಕ ವಿಭಾಗಕ್ಕೆ ಕಳಿಸುತ್ತಾರೆ. ಊರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಇ.ಎಸ್.ಐ. ಇದ್ದವರು ಅಲ್ಲಿಯೇ ಆರಂಭಿಸಿರಿ. ಕನಿಷ್ಠ ಐದು ವರ್ಷ ವಿಮಾ ನೌಕರಿ ಮಾಡಿ ವಯೋನಿವೃತ್ತರಾದವರು ತಿಂಗಳಿಗೆ 10 ರೂಪಾಯಿಯಂತೆ ವರ್ಷದ ಹಣ ಕಟ್ಟಿ, ತಮಗೂ ಹೆಂಡತಿ ಅಥವಾ ಗಂಡನಿಗೂ ಚಿಕಿತ್ಸೆ ಮುಂದುವರಿಸಿಕೊಳ್ಳುವ ನಿಯಮವಿದೆ. ಶಾಖಾ ಕಚೇರಿಯಲ್ಲಿ ವಿಚಾರಿಸಿರಿ. ಎಪ್ಪತ್ತು ದಾಟಿದವರಿಗೆ 2024ರಿಂದ ಆಯುಷ್ಮಾನ್ ಭಾರತದ ಕಾರ್ಡು ಸಿಗುತ್ತದೆ, ಆದರೆ ಅದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಹೊರರೋಗಿಯಾಗಿ ಮಾಡಿಸುವ ತಪಾಸಣೆಗಲ್ಲ. ಹಿರಿಯರ ಸಹಾಯವಾಣಿ 14567, ಕರೆಗೆ ಹಣವಿಲ್ಲ.

"ತೋರಿಸಿದರೆ ಧನಿಗಳಿಗೆ ತಿಳಿದು ಕೆಲಸ ಹೋದೀತು" ಎಂಬ ಭಯ ನನಗೆ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ನೆನಪಿನ ಗಂಭೀರ ತೊಂದರೆಯೂ ಸೇರುತ್ತದೆ. ರೋಗಿಯ ವಿಷಯವನ್ನು ಗುಪ್ತವಾಗಿಡಬೇಕೆಂದು ಅದು ಹೇಳುತ್ತದೆ. ಆದರೆ ಕಾಯಿದೆ ತಾನಾಗಿ ಅಡಿಗೆಮನೆಗೆ ಬಂದು ನಿಲ್ಲುವುದಿಲ್ಲ, ಸಂಘವೇ ನಿಲ್ಲಬೇಕು. ಮೂವತ್ತು ವರ್ಷ ದುಡಿದವನ ಕೈ ತಪ್ಪಿದರೆ ಅವನನ್ನು ಒಲೆಯ ಬಳಿಯಿಂದ ಸರಿಸಿ, ತರಕಾರಿ ಹೆಚ್ಚುವುದಕ್ಕೋ ಅಕ್ಕಿ ಆರಿಸುವುದಕ್ಕೋ ಹಾಕಬಹುದು. ಮೊದಲು ಡಾಕ್ಟರು, ಆಮೇಲೆ ಹಗುರದ ಕೆಲಸ, ಊರಿನ ಬಸ್ಸು ಕೊನೆಗೆ. ಧನಿಗಳ ಮುಂದೆ ನಾವು ಇಡಬೇಕಾದ ಬೇಡಿಕೆ ಇದು.

ಮುಗಿಸುವ ಮೊದಲು ಸಂಘದ ಮುಂದೆ ಮೂರು ಸೂಚನೆ ಇಡುತ್ತೇನೆ. ಒಂದು, ಐವತ್ತು ದಾಟಿದ ಪ್ರತಿಯೊಬ್ಬ ಸದಸ್ಯನ ಸೇವೆಯ ವಿವರ, ಪಿ.ಎಫ್. ಮತ್ತು ಇ.ಎಸ್.ಐ. ನಂಬರು, ನಾಮಿನಿಯ ಹೆಸರುಗಳನ್ನು ಅವನ ಬಾಯಿಂದಲೇ ಕೇಳಿ ಒಂದು ಪುಸ್ತಕದಲ್ಲಿ ಬರೆದು, ಅದರ ಪ್ರತಿಯನ್ನು ಅವನ ಮನೆಗೆ ಕಳಿಸಬೇಕು. ಎರಡು, ಹಿರಿಯರ ಜೊತೆ ಆಸ್ಪತ್ರೆಗೆ ಹೋಗಲು ವಾರದ ರಜೆಯ ದಿನ ಒಬ್ಬೊಬ್ಬ ಯುವಕ ಹೆಸರು ಕೊಡಬೇಕು. ಮೊದಲ ಹೆಸರು ನನ್ನದು. ಮೂರು, ಮರೆತವನನ್ನು ನೋಡಿ ನಗುವುದಿಲ್ಲವೆಂದು ನಾವೆಲ್ಲ ಮಾತು ಕೊಡಬೇಕು.

ಭಟ್ಟರು ಈಗಿಲ್ಲ. ತೀರಿಕೊಳ್ಳುವ ಹಿಂದಿನ ವರ್ಷ ಊರಿಗೆ ಹೋದಾಗ ನೋಡಲು ಹೋಗಿದ್ದೆ. ನನ್ನ ಗುರುತು ಸಿಗಲಿಲ್ಲ. ಆದರೂ ಜಗಲಿಯಲ್ಲಿ ಕುಳಿತವರು "ಉಂಡ್ಯಾ ಮಾಣಿ?" ಎಂದರು. "ಹೌದು, ಉಂಡೆ" ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು, ಮತ್ತೆ ಹೇಳಿದೆ. ಹಿಂದೆ ನಕ್ಕ ಋಣವನ್ನು ಹಾಗೆ ತೀರಿಸಲಾಗುವುದಿಲ್ಲ. ನಿಮ್ಮ ಖೋಲಿಯಲ್ಲಿ ಅಂಥ ಒಬ್ಬರಿದ್ದರೆ ನಿಮಗೆ ಇನ್ನೂ ಸಮಯವಿದೆ.